ನಾವು ನೋಡುವುದು ಕಣ್ಣಿನಿಂದಲಾ, ಮಿದುಳಿನಿಂದಲಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕಣ್ಣಿನ ಮಾತು ಬಂದರೆ ಕನ್ನಡಕ, ಪವರ್, ಪೊರೆ ಇಷ್ಟರಲ್ಲೇ ಮಾತು ಮುಗಿದುಹೋಗುತ್ತದೆ. ಅವೂ ಬೇಕಾದ ವಿಷಯಗಳೇ. ಆದರೆ ನೋಡುವ ಕೆಲಸದಲ್ಲಿ ಕಣ್ಣಿನದು ಮೊದಲ ಹಂತ ಮಾತ್ರ. ಉಳಿದದ್ದೆಲ್ಲ ನಡೆಯುವುದು ಮಿದುಳಿನಲ್ಲಿ. ಮಿದುಳು ನೋಡುವುದನ್ನು ಕಲಿಯಬೇಕು, ಅದೂ ಚಿಕ್ಕ ವಯಸ್ಸಿನಲ್ಲೇ ಕಲಿಯಬೇಕು. ಇದು ಗೊತ್ತಿಲ್ಲದೆ ಮಕ್ಕಳ ಕಣ್ಣಿನ ತೊಂದರೆಯನ್ನು ‘ಆಮೇಲೆ ನೋಡೋಣ’ ಅಂತ ಮುಂದೂಡುವ ಮನೆಗಳು ಈಗಲೂ ಇವೆ. ಹಾಗಾಗಿ ಕೆಲವು ಉತ್ತರಗಳು ಇಲ್ಲಿ ಬೇಕೆಂದೇ ಉದ್ದವಾಗಿವೆ.

ಕಣ್ಣು ಕ್ಯಾಮೆರಾ ಇದ್ದ ಹಾಗೆ ಅಂತ ಶಾಲೆಯಲ್ಲಿ ಓದಿದ್ದೆವು. ಅದು ಸರಿನಾ?

ಅರ್ಧ ದಾರಿಯವರೆಗೆ ಸರಿ. ಬೆಳಕು ಮೊದಲು ಒಳಗೆ ಬರುವುದು ಕಾರ್ನಿಯಾ ಮೂಲಕ. ಕಣ್ಣಿನ ಕಪ್ಪು ಭಾಗದ ಮುಂದಿರುವ ಪಾರದರ್ಶಕ ಪದರ ಅದು. ಬೆಳಕನ್ನು ಬಾಗಿಸುವ ಕೆಲಸದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಕಾರ್ನಿಯಾದ್ದೇ. ಅದರ ಹಿಂದೆ ಪಾಪೆ. ಬಿಸಿಲಿನಲ್ಲಿ ಅದು 2 ಮಿಲಿಮೀಟರಿಗೆ ಕುಗ್ಗುತ್ತದೆ, ಕತ್ತಲಲ್ಲಿ 7–8 ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಪಾಪೆಯ ಹಿಂದಿರುವ ಲೆನ್ಸು ದಪ್ಪವಾಗುತ್ತಾ ತೆಳುವಾಗುತ್ತಾ ಹತ್ತಿರದ್ದನ್ನೂ ದೂರದ್ದನ್ನೂ ಸ್ಪಷ್ಟ ಮಾಡಿಕೊಡುತ್ತದೆ. ನಲವತ್ತು ದಾಟಿದ ಮೇಲೆ ಈ ಲೆನ್ಸು ಬಿಗಿಯಾಗುತ್ತದೆ. ಪೇಪರನ್ನು ಕೈ ಚಾಚಿ ದೂರ ಹಿಡಿದು ಓದುವ ಚಾಳೀಸು ಬರುವುದು ಇದರಿಂದಲೇ.

ಇಲ್ಲಿಂದ ಮುಂದೆ ಕ್ಯಾಮೆರಾ ಹೋಲಿಕೆ ಬಿಟ್ಟುಬಿಡಬೇಕು. ಕಣ್ಣಿನ ಹಿಂಭಾಗದಲ್ಲಿ ಬೆಳಕು ಬೀಳುವ ಪದರವಾದ ರೆಟಿನಾ ಬರೀ ಪರದೆಯಲ್ಲ. ಗರ್ಭದಲ್ಲಿ ಮಗು ಬೆಳೆಯುವಾಗ ಮಿದುಳಿನ ಒಂದು ಭಾಗವೇ ಮುಂದೆ ಚಾಚಿ ರೆಟಿನಾ ಆಗುತ್ತದೆ. ಅಲ್ಲಿ ಬೆಳಕನ್ನು ಹಿಡಿಯುವ ಕೋಶಗಳು 10 ಕೋಟಿಯ ಆಸುಪಾಸು ಇವೆ. ಆದರೆ ಕಣ್ಣಿನಿಂದ ಮಿದುಳಿಗೆ ಹೋಗುವ ನರದಲ್ಲಿರುವುದು ಸುಮಾರು 10 ಲಕ್ಷ ಎಳೆಗಳು ಮಾತ್ರ. ಅಂದರೆ ಬಂದದ್ದನ್ನೆಲ್ಲ ರೆಟಿನಾ ಹಾಗೇ ಕಳಿಸುವುದಿಲ್ಲ. ಎಲ್ಲಿ ಬೆಳಕು ಬದಲಾಯಿತು, ಎಲ್ಲಿ ಅಂಚು ಇದೆ, ಏನು ಅಲುಗಿತು ಅಂತ ಆರಿಸಿ ಕಳಿಸುತ್ತದೆ. ಖಾಲಿ ಗೋಡೆಯ ಬಗ್ಗೆ ಅದು ಹೇಳುವುದು ತೀರಾ ಕಡಿಮೆ. ಗೋಡೆಯ ಮೇಲೆ ಹಲ್ಲಿ ಓಡಿದರೆ ಮಾತ್ರ ತಕ್ಷಣ ಸುದ್ದಿ ಹೋಗುತ್ತದೆ.

ಎದುರಿಗಿರುವುದೆಲ್ಲ ಒಟ್ಟಿಗೇ ಸ್ಪಷ್ಟವಾಗಿ ಕಾಣುತ್ತದಲ್ವಾ?

ಹಾಗನ್ನಿಸುತ್ತದೆ, ಅಷ್ಟೇ. ಈ ಸಾಲಿನ ಒಂದು ಪದದ ಮೇಲೆ ಕಣ್ಣು ನೆಟ್ಟು, ಕದಲಿಸದೆ, ಎರಡು ಸಾಲು ಕೆಳಗಿರುವುದನ್ನು ಓದಲು ನೋಡಿ. ಅಕ್ಷರ ಇದೆ ಅಂತ ಗೊತ್ತಾಗುತ್ತದೆ, ಯಾವ ಅಕ್ಷರ ಅಂತ ಗೊತ್ತಾಗುವುದಿಲ್ಲ.

ರೆಟಿನಾದ ನಡುವೆ ಫೋವಿಯಾ ಅನ್ನುವ ಪುಟ್ಟ ಕುಳಿ ಇದೆ. ಅಗಲ ಸುಮಾರು ಒಂದೂವರೆ ಮಿಲಿಮೀಟರ್. ಸೂಕ್ಷ್ಮವಾಗಿ ಕಾಣುವುದು ಅಲ್ಲಿ ಮಾತ್ರ. ಕೈ ಪೂರ್ತಿ ಚಾಚಿ ಹೆಬ್ಬೆರಳಿನ ಉಗುರು ನೋಡಿದರೆ, ನಿಮ್ಮ ಅತಿ ಸ್ಪಷ್ಟ ನೋಟದ ಜಾಗ ಹೆಚ್ಚುಕಡಿಮೆ ಅಷ್ಟೇ. ಉಳಿದದ್ದೆಲ್ಲ ಮಸುಕು. ಅದಕ್ಕೇ ಕಣ್ಣುಗಳು ಸೆಕೆಂಡಿಗೆ ಸುಮಾರು ಮೂರು ಸಲ ಇಲ್ಲಿಂದ ಅಲ್ಲಿಗೆ ಜಿಗಿಯುತ್ತಲೇ ಇರುತ್ತವೆ. ಒಂದೊಂದು ಜಿಗಿತದಲ್ಲೂ ಸಿಕ್ಕ ತುಣುಕನ್ನು ಮಿದುಳು ಜೋಡಿಸಿಕೊಳ್ಳುತ್ತದೆ. ಸಿಗದ ಕಡೆ ‘ಅಲ್ಲೂ ಹೀಗೇ ಇರಬೇಕು’ ಅಂತ ತುಂಬಿಕೊಳ್ಳುತ್ತದೆ.

ಜಿಗಿಯುವಾಗ ಲೋಕವೆಲ್ಲ ಕಲಸಿದ ಹಾಗೆ ಏಕೆ ಕಾಣುವುದಿಲ್ಲ? ಆ ಹೊತ್ತಿನ ನೋಟವನ್ನು ಮಿದುಳು ತಾನೇ ತಗ್ಗಿಸಿಬಿಡುತ್ತದೆ. ಕನ್ನಡಿ ಮುಂದೆ ನಿಂತು ಎಡಗಣ್ಣು ನೋಡಿ, ಆಮೇಲೆ ಬಲಗಣ್ಣು ನೋಡಿ. ನಿಮ್ಮ ಕಣ್ಣು ಚಲಿಸಿದ್ದು ನಿಮಗೆ ಒಮ್ಮೆಯೂ ಕಾಣುವುದಿಲ್ಲ. ಪಕ್ಕದಲ್ಲಿ ನಿಂತವರಿಗೆ ಚೆನ್ನಾಗಿ ಕಾಣುತ್ತದೆ.

ರೆಟಿನಾ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತದಂತೆ. ಮಿದುಳು ಅದನ್ನು ತಿರುಗಿಸಿ ನೆಟ್ಟಗೆ ಮಾಡುತ್ತದಾ?

ತಲೆಕೆಳಗಾಗಿ ಬೀಳುವುದು ನಿಜ. 1604ರಲ್ಲಿ ಯೊಹಾನೆಸ್ ಕೆಪ್ಲರ್ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಆದರೆ ತಿರುಗಿಸುವ ಅಗತ್ಯವೇ ಇಲ್ಲ. ತಲೆಯೊಳಗೆ ಕೂತು ಆ ಚಿತ್ರ ನೋಡುವವರು ಯಾರೂ ಇಲ್ಲ. ರೆಟಿನಾದ ಕೆಳಭಾಗದಿಂದ ಸುದ್ದಿ ಬಂದರೆ ವಸ್ತು ಮೇಲಿದೆ, ಅದನ್ನು ಮುಟ್ಟಬೇಕಾದರೆ ಕೈ ಮೇಲೆತ್ತಬೇಕು. ಈ ಸಂಬಂಧ ಮಿದುಳಿಗೆ ಗೊತ್ತಿದ್ದರೆ ಸಾಕು.

ಈ ಸಂಬಂಧವನ್ನು ಬದಲಿಸಬಹುದಾ ಅಂತ ಪರೀಕ್ಷಿಸಿದವರು ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಸ್ಟ್ರಾಟನ್. 1890ರ ದಶಕದಲ್ಲಿ ಅವರು ಎಲ್ಲವನ್ನೂ ತಲೆಕೆಳಗಾಗಿ ತೋರಿಸುವ ಲೆನ್ಸನ್ನು ಒಂದು ಕಣ್ಣಿಗೆ ಕಟ್ಟಿಕೊಂಡರು, ಇನ್ನೊಂದನ್ನು ಮುಚ್ಚಿದರು. ಮೊದಲು ಎಲ್ಲವೂ ಗೊಂದಲ. ದಿನಗಳು ಕಳೆದ ಹಾಗೆ ಓಡಾಟ, ಕೈ ಕೆಲಸ ಸಲೀಸಾಗುತ್ತಾ ಬಂತು. ಲೆನ್ಸ್ ತೆಗೆದಾಗ ಮತ್ತೆ ಸ್ವಲ್ಪ ಹೊತ್ತು ಗಲಿಬಿಲಿ. ಮಿದುಳು ಚಿತ್ರವನ್ನಲ್ಲ, ನೋಟಕ್ಕೂ ಮೈಗೂ ಇರುವ ಹೊಂದಾಣಿಕೆಯನ್ನು ಕಲಿಯುತ್ತದೆ ಅನ್ನುವುದಕ್ಕೆ ಇದು ಒಳ್ಳೆಯ ಪುರಾವೆ.

ಪ್ರತಿ ಕಣ್ಣಿನಲ್ಲೂ ಒಂದು ಕುರುಡು ಜಾಗ ಇದೆಯಂತೆ. ನಮಗೆ ಏಕೆ ಕಾಣುವುದಿಲ್ಲ?

ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಸಣ್ಣ ಗುಣಿಸು ಗುರುತು ಹಾಕಿ. ಅದರ ಬಲಕ್ಕೆ 8 ಸೆಂಟಿಮೀಟರ್ ದೂರದಲ್ಲಿ ಬಟಾಣಿ ಗಾತ್ರದ ಕಪ್ಪು ಚುಕ್ಕೆ ಬರೆಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗುಣಿಸು ಗುರುತನ್ನೇ ನೋಡಿ. ಹಾಳೆಯನ್ನು ನಿಧಾನವಾಗಿ ಹತ್ತಿರ ತನ್ನಿ. ಸುಮಾರು ಒಂದು ಅಡಿ ದೂರದಲ್ಲಿ ಚುಕ್ಕೆ ಮಾಯ! ಇನ್ನೂ ಹತ್ತಿರ ತಂದರೆ ಮತ್ತೆ ಬರುತ್ತದೆ.

ಕಣ್ಣಿನ ನರ ರೆಟಿನಾವನ್ನು ತೂರಿಕೊಂಡು ಹೊರಗೆ ಹೋಗುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳಿಲ್ಲ. ಫ್ರಾನ್ಸಿನ ಎಡ್ಮ್ ಮಾರಿಯಟ್ 17ನೇ ಶತಮಾನದಲ್ಲೇ ಇದನ್ನು ಪತ್ತೆ ಹಚ್ಚಿದ್ದರು. ಈಗ ಇದೇ ಪ್ರಯೋಗವನ್ನು ಗೆರೆ ಹಾಕಿದ ಹಾಳೆಯ ಮೇಲೆ ಮಾಡಿ. ಚುಕ್ಕೆ ಮಾಯವಾದ ಜಾಗದಲ್ಲಿ ತೂತು ಕಾಣುವುದಿಲ್ಲ, ಗೆರೆಗಳು ಮುಂದುವರಿದ ಹಾಗೆ ಕಾಣುತ್ತದೆ. ಆ ಗೆರೆ ನಿಮ್ಮ ಕಣ್ಣಿಗೆ ಬಿದ್ದೇ ಇಲ್ಲ. ಮಿದುಳು ಹಾಕಿದ ಗೆರೆ ಅದು. ಮನೆಯಲ್ಲೇ, ಖರ್ಚಿಲ್ಲದೆ, ಮಿದುಳು ನೋಟ ಕಟ್ಟುವುದನ್ನು ಕಣ್ಣಾರೆ ಕಾಣಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಬೆಳಕು ನರದ ಸಂದೇಶ ಆಗುವುದು ಹೇಗೆ? ಕ್ಯಾರೆಟ್ ತಿಂದರೆ ಕಣ್ಣಿಗೆ ಒಳ್ಳೆಯದು ಅನ್ನುವುದು ನಿಜನಾ?

ಎರಡೂ ಒಂದೇ ಪ್ರಶ್ನೆ. ರೆಟಿನಾದಲ್ಲಿ ಎರಡು ಬಗೆಯ ಕೋಶಗಳಿವೆ. ಮಬ್ಬಿನಲ್ಲಿ ಕೆಲಸ ಮಾಡುವ ದಂಡಕೋಶಗಳು ಕೋಟಿಗಟ್ಟಲೆ ಇವೆ. ಬಣ್ಣ ತಿಳಿಸುವ ಶಂಕುಕೋಶಗಳು 50–60 ಲಕ್ಷದಷ್ಟು. ದಂಡಕೋಶದೊಳಗೆ ರೊಡಾಪ್ಸಿನ್ ಅನ್ನುವ ವಸ್ತು ಇದೆ. ಅದರ ಒಂದು ಭಾಗ ತಯಾರಾಗುವುದು ಎ ವಿಟಮಿನ್‌ನಿಂದ. ಬೆಳಕಿನ ಒಂದೇ ಒಂದು ಕಣ ತಾಗಿದರೂ ಆ ಭಾಗ ಬಾಗಿದ ಆಕಾರದಿಂದ ನೆಟ್ಟಗಾಗುತ್ತದೆ. ಅಲ್ಲಿಂದ ಸರಣಿಯಾಗಿ ರಾಸಾಯನಿಕ ಬದಲಾವಣೆಗಳು ನಡೆದು ಕೋಶದ ವಿದ್ಯುತ್ ಸ್ಥಿತಿ ಬದಲಾಗುತ್ತದೆ. ವಿಚಿತ್ರ ಅಂದರೆ, ಈ ಕೋಶಗಳು ಕತ್ತಲಲ್ಲಿ ಜಾಸ್ತಿ ಸಂದೇಶ ಸುರಿಸುತ್ತವೆ, ಬೆಳಕು ಬಿದ್ದಾಗ ಕಡಿಮೆ ಮಾಡುತ್ತವೆ. ಎ ವಿಟಮಿನ್ನಿಗೂ ನೋಟಕ್ಕೂ ಇರುವ ಈ ನಂಟನ್ನು ಬಿಡಿಸಿದ ಜಾರ್ಜ್ ವಾಲ್ಡ್ 1967ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಎ ವಿಟಮಿನ್ ಕೊರತೆ ಆದರೆ ಮೊದಲು ಹೋಗುವುದು ಸಂಜೆಯ ನೋಟ. ಅದೇ ಇರುಳುಗುರುಡು. ಕೊರತೆ ಮುಂದುವರಿದರೆ ಕಾರ್ನಿಯಾವೇ ಹಾಳಾಗಬಹುದು. ಮಕ್ಕಳನ್ನು ಇದರಿಂದ ಕಾಪಾಡಲು ನಮ್ಮ ದೇಶದಲ್ಲಿ 1970ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಅಂಗನವಾಡಿಯಲ್ಲಿ, ಆರೋಗ್ಯ ಕೇಂದ್ರದಲ್ಲಿ 9 ತಿಂಗಳಿಂದ 5 ವರ್ಷದವರೆಗೆ ಹಾಕುವ ಎ ವಿಟಮಿನ್ ಹನಿ ಇದೇ. ದಯವಿಟ್ಟು ತಪ್ಪಿಸಬೇಡಿ. ಕ್ಯಾರೆಟ್ಟೇ ಆಗಬೇಕೆಂದಿಲ್ಲ. ನುಗ್ಗೆ ಸೊಪ್ಪು, ಹರಿವೆ, ಪಪ್ಪಾಯ, ಮಾವಿನ ಹಣ್ಣು, ಮೊಟ್ಟೆ ಎಲ್ಲವೂ ಆಗುತ್ತದೆ. ಆದರೆ ಕೊರತೆ ಇಲ್ಲದವರು ಎಷ್ಟು ಕ್ಯಾರೆಟ್ ತಿಂದರೂ ಕನ್ನಡಕದ ಪವರ್ ಇಳಿಯುವುದಿಲ್ಲ.

ಥಿಯೇಟರ್ ಒಳಗೆ ಹೋದ ಕೂಡಲೇ ಸೀಟು ಕಾಣುವುದಿಲ್ಲ, ಆಮೇಲೆ ಕಾಣುತ್ತದೆ. ಏಕೆ?

ಬಿಸಿಲಿನಲ್ಲಿ ರೊಡಾಪ್ಸಿನ್ ಖರ್ಚಾಗಿರುತ್ತದೆ. ಕತ್ತಲಲ್ಲಿ ಅದು ಮತ್ತೆ ತಯಾರಾಗಬೇಕು. ಶಂಕುಕೋಶಗಳು 10 ನಿಮಿಷದೊಳಗೆ ಹೊಂದಿಕೊಳ್ಳುತ್ತವೆ. ದಂಡಕೋಶಗಳು ಪೂರ್ತಿ ಸಿದ್ಧವಾಗಲು ಅರ್ಧ ಗಂಟೆಯೋ ಅದಕ್ಕಿಂತ ಜಾಸ್ತಿಯೋ ಬೇಕು. ಫೋವಿಯಾದ ನಟ್ಟನಡುವೆ ದಂಡಕೋಶಗಳೇ ಇಲ್ಲ. ಹಾಗಾಗಿ ಮಸುಕು ನಕ್ಷತ್ರವನ್ನು ನೇರ ನೋಡಿದರೆ ಮಾಯವಾಗುತ್ತದೆ, ಪಕ್ಕಕ್ಕೆ ಕಣ್ಣು ಹಾಯಿಸಿದರೆ ಕಾಣುತ್ತದೆ. ಊರಿಗೆ ಹೋದಾಗ ಕರೆಂಟ್ ಇಲ್ಲದ ರಾತ್ರಿ ಅಂಗಳದಲ್ಲಿ ನಿಂತು ನೋಡಿ.

ಬಟ್ಟೆ ಅಂಗಡಿಯಲ್ಲಿ ಮ್ಯಾಚ್ ಆದ ಬ್ಲೌಸ್ ಪೀಸ್ ಹೊರಗೆ ತಂದರೆ ಬೇರೆ ಬಣ್ಣ ಕಾಣುತ್ತದೆ. ಬಣ್ಣ ಎಲ್ಲಿದೆ ಹಾಗಾದರೆ?

ಬಟ್ಟೆಯಲ್ಲಿ ಇರುವುದು ಬೆಳಕಿನ ಕೆಲವು ಅಲೆಗಳನ್ನು ಹೀರಿ ಕೆಲವನ್ನು ಚಿಮ್ಮಿಸುವ ಗುಣ. ನಮ್ಮಲ್ಲಿ ಮೂರು ಬಗೆಯ ಶಂಕುಕೋಶಗಳಿವೆ. ಮೂರರ ಸ್ಪಂದನೆಯನ್ನು ಒಂದಕ್ಕೊಂದು ಹೋಲಿಸಿ ರೆಟಿನಾ ಮತ್ತು ಮಿದುಳು ಬಣ್ಣವನ್ನು ತೀರ್ಮಾನಿಸುತ್ತವೆ. ಸೀರೆಗೂ ಬ್ಲೌಸ್ ಪೀಸಿಗೂ ಹಾಕಿದ ಬಣ್ಣದ ರಾಸಾಯನಿಕ ಬೇರೆ ಬೇರೆ. ಅಂಗಡಿಯ ದೀಪದಲ್ಲಿ ಎರಡೂ ಆ ಮೂರು ಕೋಶಗಳನ್ನು ಒಂದೇ ಥರ ಕೆಣಕಬಹುದು, ಹಗಲ ಬೆಳಕಿನಲ್ಲಿ ಬೇರೆ ಥರ. ಬಾಗಿಲ ಹತ್ತಿರ ತಂದು ನೋಡುವ ಹೆಂಗಸರು ಮಾಡುವುದು ಸರಿಯಾದ ಪರೀಕ್ಷೆಯೇ.

ಇದರ ಇನ್ನೊಂದು ಮುಖ ಇನ್ನೂ ಸೋಜಿಗದ್ದು. ಹಳದಿ ಬಲ್ಬಿನ ಕೆಳಗೆ ಮಲ್ಲಿಗೆ ಹೂವಿನಿಂದ ಬರುವ ಬೆಳಕು ನಿಜಕ್ಕೂ ಹಳದಿಯೇ. ಆದರೂ ನಮಗೆ ಬಿಳಿ ಮಲ್ಲಿಗೆಯೇ ಕಾಣುತ್ತದೆ. ಸುತ್ತಲಿನ ಬೆಳಕು ಎಂಥದು ಅಂತ ಮಿದುಳು ಅಂದಾಜು ಮಾಡಿ ಅದನ್ನು ಕಳೆದುಬಿಡುತ್ತದೆ. 2015ರ ಫೆಬ್ರವರಿಯಲ್ಲಿ ಒಂದು ಉಡುಪಿನ ಫೋಟೋ ಜಗತ್ತಿನಾದ್ಯಂತ ಜಗಳ ಹಚ್ಚಿದ್ದು ನೆನಪಿರಬಹುದು. ಕೆಲವರಿಗೆ ನೀಲಿ-ಕಪ್ಪು, ಕೆಲವರಿಗೆ ಬಿಳಿ-ಚಿನ್ನ. ಉಡುಪು ನಿಜವಾಗಿ ನೀಲಿ-ಕಪ್ಪೇ. ಆ ಫೋಟೋದಲ್ಲಿ ಬೆಳಕು ಎಂಥದು ಅಂತ ಸುಳಿವು ಇರಲಿಲ್ಲ. ಅದು ನೆರಳಿನಲ್ಲಿದೆ ಅಂದುಕೊಂಡ ಮಿದುಳು ಒಂದು ಲೆಕ್ಕ ಹಾಕಿತು, ದೀಪದ ಬೆಳಕಿನಲ್ಲಿದೆ ಅಂದುಕೊಂಡದ್ದು ಇನ್ನೊಂದು.

ಕಣ್ಣಿನಿಂದ ಮಿದುಳಿಗೆ ದಾರಿ ಹೇಗಿದೆ?

ಎಡಗಣ್ಣಿನ ಸುದ್ದಿ ಬಲ ಮಿದುಳಿಗೆ ಹೋಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಎರಡೂ ಕಣ್ಣುಗಳಿಗೆ ಕಾಣುವ ದೃಶ್ಯದ ಎಡ ಅರ್ಧ ಬಲ ಮಿದುಳಿಗೆ, ಬಲ ಅರ್ಧ ಎಡ ಮಿದುಳಿಗೆ ಹೋಗುತ್ತದೆ. ಇದಕ್ಕಾಗಿ ಪ್ರತಿ ಕಣ್ಣಿನ ನರದ ಅರ್ಧದಷ್ಟು ಎಳೆಗಳು ದಾರಿಯಲ್ಲಿ ಆಚೆ ಬದಿಗೆ ದಾಟುತ್ತವೆ. ಅಲ್ಲಿಂದ ಮಿದುಳಿನ ನಡುಭಾಗದ ಥಲಾಮಸ್, ಆಮೇಲೆ ತಲೆಯ ಹಿಂಭಾಗದಲ್ಲಿರುವ ದೃಷ್ಟಿ ಕೇಂದ್ರ. ಪೆಟ್ಟು ಅಥವಾ ಸ್ಟ್ರೋಕಿನಿಂದ ಒಂದು ಬದಿಯ ಕೇಂದ್ರ ಹಾಳಾದರೆ, ಎರಡು ಕಣ್ಣು ಚೆನ್ನಾಗಿದ್ದರೂ ದೃಶ್ಯದ ಅರ್ಧ ಭಾಗ ಕಾಣುವುದಿಲ್ಲ. ಊಟದ ತಟ್ಟೆಯ ಒಂದು ಬದಿಯನ್ನೇ ಬಿಡುವವರು ಇದ್ದರೆ ಕನ್ನಡಕದ ಅಂಗಡಿಗಲ್ಲ, ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಬೇಕು.

ಈ ಕೇಂದ್ರದ ನಕ್ಷೆ ಮೊದಲು ಸಿಕ್ಕಿದ್ದು ಯುದ್ಧದಿಂದ. 1904–05ರ ರಷ್ಯಾ–ಜಪಾನ್ ಯುದ್ಧದಲ್ಲಿ ಗುಂಡು ತಲೆಯನ್ನು ತೂರಿಹೋದರೂ ಬದುಕಿದ ಸೈನಿಕರನ್ನು ಜಪಾನಿನ ವೈದ್ಯ ತತ್ಸುಜಿ ಇನೊಯೆ ಪರೀಕ್ಷಿಸಿದರು. ಗುಂಡು ಎಲ್ಲಿ ಹೊಕ್ಕಿತು, ಎಲ್ಲಿ ಹೊರಬಂತು, ದೃಶ್ಯದ ಯಾವ ಭಾಗ ಹೋಯಿತು ಅಂತ ಒಬ್ಬೊಬ್ಬರಲ್ಲೂ ಲೆಕ್ಕ ಹಾಕಿದರು. ದೃಶ್ಯದ ಒಂದೊಂದು ಜಾಗಕ್ಕೂ ಮಿದುಳಿನಲ್ಲಿ ಅದರದೇ ಜಾಗ ಇದೆ ಅಂತ ಗೊತ್ತಾಯಿತು. ಫೋವಿಯಾ ಅಷ್ಟು ಚಿಕ್ಕದಾದರೂ ಮಿದುಳಿನಲ್ಲಿ ಅದಕ್ಕೆ ತುಂಬಾ ದೊಡ್ಡ ಜಾಗ.

ಅಲ್ಲಿನ ಒಂದೊಂದು ಕೋಶ ಏನು ಮಾಡುತ್ತದೆ? ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1958ರಲ್ಲಿ ವಿಜ್ಞಾನಿಗಳಾದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮಿದುಳಿನ ಒಂದು ಕೋಶಕ್ಕೆ ತೆಳು ತಂತಿ ಇಟ್ಟು ಚುಕ್ಕೆಗಳನ್ನು ತೋರಿಸುತ್ತಿದ್ದರು. ಕೋಶ ಸುಮ್ನೆ ಇತ್ತು. ಗಾಜಿನ ಸ್ಲೈಡನ್ನು ಸರಿಸುವಾಗ ಇದ್ದಕ್ಕಿದ್ದಂತೆ ಅದು ಪಟಪಟ ಅಂತ ಸಂದೇಶ ಕಳಿಸತೊಡಗಿತು. ಕಾರಣ ಚುಕ್ಕೆಯಲ್ಲ, ಸ್ಲೈಡಿನ ಅಂಚಿನ ನೆರಳು ಗೆರೆಯಾಗಿ ಹಾದುಹೋಗಿತ್ತು. ಅದೂ ಒಂದೇ ಕೋನದಲ್ಲಿ ಓರೆಯಾಗಿದ್ದರೆ ಮಾತ್ರ ಕೋಶ ಸ್ಪಂದಿಸುತ್ತಿತ್ತು. ಗೆರೆ ತುಸು ತಿರುಗಿದರೆ ಪಕ್ಕದ ಕೋಶದ ಸರದಿ. ಹೀಗೆ ಗೆರೆಗಳಿಂದ ಶುರುವಾಗಿ ಮುಂದಿನ ಹಂತಗಳಲ್ಲಿ ಆಕಾರಗಳು ಕಟ್ಟಿಕೊಳ್ಳುತ್ತವೆ. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಮುಖ, ಬಣ್ಣ, ಚಲನೆ ಎಲ್ಲ ಒಂದೇ ಜಾಗದಲ್ಲಿ ತಿಳಿಯುತ್ತದಾ?

ಇಲ್ಲ. ಬೇರೆ ಬೇರೆ ಕೆಲಸಕ್ಕೆ ಒಗ್ಗಿದ ಬೇರೆ ಬೇರೆ ಜಾಗಗಳಿವೆ. ಇದು ಗೊತ್ತಾದದ್ದು ಒಂದು ಜಾಗ ಮಾತ್ರ ಕೆಟ್ಟವರಿಂದ. ಎಲ್.ಎಂ. ಅಂತ ವೈದ್ಯರು ಕರೆಯುವ ಜರ್ಮನಿಯ ಮಹಿಳೆಗೆ ಎಲ್ಲ ಕಾಣುತ್ತಿತ್ತು, ಚಲನೆ ಮಾತ್ರ ಕಾಣುತ್ತಿರಲಿಲ್ಲ. ಕಪ್ಪಿಗೆ ಟೀ ಸುರಿದರೆ ಹೆಪ್ಪುಗಟ್ಟಿ ನಿಂತಂತೆ ಕಾಣುತ್ತಿತ್ತು. ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯುತ್ತಿರಲಿಲ್ಲ. ರಸ್ತೆ ದಾಟುವಾಗ ದೂರವಿದ್ದ ಕಾರು ಮರುಕ್ಷಣ ಪಕ್ಕದಲ್ಲೇ ಇರುತ್ತಿತ್ತು. ಇನ್ನು ಕೆಲವರಿಗೆ ಕನ್ನಡಿಯಲ್ಲಿ ತಮ್ಮ ಮುಖವೂ ಗುರುತು ಸಿಗುವುದಿಲ್ಲ. ದನಿ ಕೇಳಿದ ಮೇಲೆ ಮನೆಯವರು ಯಾರು ಅಂತ ತಿಳಿಯುತ್ತದೆ.

ಡಿ.ಎಫ್. ಅನ್ನುವ ಮಹಿಳೆಯ ಕತೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಬಾತ್‌ರೂಮಿನ ಗ್ಯಾಸ್ ಹೀಟರಿನಿಂದ ಬಂದ ಕಾರ್ಬನ್ ಮೊನಾಕ್ಸೈಡ್ ಅವರ ಮಿದುಳಿಗೆ ಹಾನಿ ಮಾಡಿತ್ತು. ಟಪಾಲು ಹಾಕುವಂಥ ಒಂದು ಸೀಳನ್ನು ತೋರಿಸಿ ಅದು ಯಾವ ಕಡೆ ವಾಲಿದೆ ಅಂದರೆ ಅವರಿಗೆ ಹೇಳಲಾಗುತ್ತಿರಲಿಲ್ಲ. ‘ಈ ಕಾರ್ಡನ್ನು ಅದರೊಳಗೆ ಹಾಕಿ’ ಅಂದರೆ ಕೈ ಸರಿಯಾದ ಕೋನಕ್ಕೆ ತಿರುಗಿ ಕಾರ್ಡು ಒಳಗೆ ಹೋಗುತ್ತಿತ್ತು. ‘ಇದು ಏನು’ ಅಂತ ತಿಳಿಸುವ ನೋಟ ಬೇರೆ, ಕೈಕಾಲಿಗೆ ದಾರಿ ತೋರಿಸುವ ನೋಟ ಬೇರೆ ಅಂತ ವಿಜ್ಞಾನಿಗಳಾದ ಗುಡೇಲ್ ಮತ್ತು ಮಿಲ್ನರ್ 1992ರಲ್ಲಿ ವಾದಿಸಿದ್ದು ಇದರ ಮೇಲೆ. ನಮ್ಮ ಮನೆಗಳಲ್ಲೂ ಗ್ಯಾಸ್ ಗೀಸರ್ ಇವೆ. ಬಾತ್‌ರೂಮಿಗೆ ಗಾಳಿ ಆಡುವ ಕಿಟಕಿ ಇರಲೇಬೇಕು.

ಮುಸ್ಸಂಜೆಯಲ್ಲಿ ಹಗ್ಗ ಹಾವಿನ ಹಾಗೆ ಕಾಣುವುದು ಏಕೆ?

ವೇದಾಂತಿಗಳು ಶತಮಾನಗಳಿಂದ ಕೊಡುತ್ತಾ ಬಂದ ಉದಾಹರಣೆ ಇದು. ಮಿದುಳು ವಿಜ್ಞಾನಕ್ಕೂ ಇದು ಚೆನ್ನಾಗಿ ಒಪ್ಪುತ್ತದೆ. ಮಬ್ಬಿನಲ್ಲಿ ಕಣ್ಣಿನಿಂದ ಬರುವ ಸುದ್ದಿ ಅರೆಬರೆ: ಉದ್ದವಾಗಿದೆ, ಸುತ್ತಿಕೊಂಡಿದೆ, ನೆಲದ ಮೇಲಿದೆ. ಬಾಕಿಯನ್ನು ಮಿದುಳು ಊಹಿಸಬೇಕು. ತೋಟದ ದಾರಿಯಲ್ಲಿ ಹಾವಿನ ಭಯ ಮೊದಲೇ ಇದ್ದರೆ ಊಹೆ ಹಾವಿನ ಕಡೆಗೇ ವಾಲುತ್ತದೆ. ಹಗ್ಗವನ್ನು ಹಾವು ಅಂದುಕೊಂಡರೆ ಎದೆ ಒಮ್ಮೆ ಝಲ್ ಅನ್ನುತ್ತದೆ, ಅಷ್ಟೇ. ಹಾವನ್ನು ಹಗ್ಗ ಅಂದುಕೊಂಡರೆ ಜೀವವೇ ಹೋಗಬಹುದು.

ನೋಟ ಅನ್ನುವುದೇ ಅರಿವಿಗೆ ಬಾರದ ಊಹೆ ಅಂತ ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಹೇಳಿದ್ದರು. ಮಿದುಳಿನ ಜೋಡಣೆಯೂ ಅದನ್ನೇ ಹೇಳುತ್ತದೆ. ಥಲಾಮಸ್‌ನ ದೃಷ್ಟಿ ಭಾಗಕ್ಕೆ ಬರುವ ಸಂಪರ್ಕಗಳಲ್ಲಿ ಕಣ್ಣಿನಿಂದ ಬರುವವು ಹತ್ತರಲ್ಲಿ ಒಂದು ಪಾಲಿನಷ್ಟೇ. ಉಳಿದವುಗಳಲ್ಲಿ ಬಹುಪಾಲು ಮಿದುಳಿನಿಂದಲೇ ಮರಳಿ ಬರುವವು.

ಒಂದು ಪ್ಲಾಸ್ಟಿಕ್ ಮುಖವಾಡ ತೆಗೆದುಕೊಂಡು ಒಳಮುಖವನ್ನು ನಿಮ್ಮ ಕಡೆ ತಿರುಗಿಸಿ, ಹಿಂದಿನಿಂದ ಬೆಳಕು ಬರುವಂತೆ ಇಟ್ಟು ಐದಾರು ಅಡಿ ದೂರದಿಂದ ಒಂದೇ ಕಣ್ಣಿನಲ್ಲಿ ನೋಡಿ. ತಗ್ಗಿರುವ ಮೂಗು ಮುಂದೆ ಉಬ್ಬಿದ ಹಾಗೆ ಕಾಣುತ್ತದೆ. ಒಳಮುಖ ಅಂತ ನಿಮಗೆ ಗೊತ್ತು. ಆದರೂ ಮಿದುಳು ಒಪ್ಪುವುದಿಲ್ಲ. ಒಳಕ್ಕೆ ತಗ್ಗಿದ ಮುಖವನ್ನು ಅದು ಜೀವಮಾನದಲ್ಲಿ ಕಂಡಿಲ್ಲ.

ನಮ್ಮ ಅಜ್ಜಿಗೆ ನೋಟ ಕಡಿಮೆ ಆಗಿದೆ. ಕೋಣೆಯಲ್ಲಿ ಮಕ್ಕಳು, ಹೂವು ಕಾಣುತ್ತವೆ ಅನ್ನುತ್ತಾರೆ. ತಲೆ ಕೆಟ್ಟಿದೆಯಾ?

ಹಾಗೆ ತೀರ್ಮಾನ ಮಾಡಬೇಡಿ. ಸ್ವಿಸ್ ವಿಜ್ಞಾನಿ ಷಾರ್ಲ್ ಬೊನೆ 1760ರಲ್ಲಿ ತಮ್ಮ ಅಜ್ಜನಿಗೆ ಆಗುತ್ತಿದ್ದ ಇಂಥದೇ ಅನುಭವ ಬರೆದಿಟ್ಟರು. ಅಜ್ಜನಿಗೆ ಪೊರೆಯಿಂದ ನೋಟ ಮಂಜಾಗಿತ್ತು, ಬುದ್ಧಿ ಚುರುಕಾಗಿತ್ತು. ಆದರೂ ಇಲ್ಲದ ಜನ, ಹಕ್ಕಿ, ಕಟ್ಟಡ ಕಾಣುತ್ತಿದ್ದವು. ಕಣ್ಣಿನಿಂದ ಸುದ್ದಿ ಬರುವುದು ಕಡಿಮೆಯಾದಾಗ ದೃಷ್ಟಿ ಕೇಂದ್ರ ಸುಮ್ಮನಿರದೆ ತಾನೇ ಚಿತ್ರ ಹುಟ್ಟಿಸುತ್ತದೆ. ಹೀಗೆ ಕಂಡವು ಸಾಮಾನ್ಯವಾಗಿ ಮಾತಾಡುವುದಿಲ್ಲ, ನಿಜವಲ್ಲ ಅಂತ ನೋಡುವವರಿಗೂ ಗೊತ್ತಿರುತ್ತದೆ. ಹುಚ್ಚು ಅಂದಾರು ಅಂತ ಹೆದರಿ ಎಷ್ಟೋ ಹಿರಿಯರು ಬಾಯಿ ಬಿಡುವುದಿಲ್ಲ. ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ. ಪೊರೆ ಇದ್ದರೆ ತೆಗೆಸಿ. ಮರೆವು, ಗೊಂದಲ, ಧ್ವನಿ ಕೇಳುವುದು ಕೂಡ ಇದ್ದರೆ ನರರೋಗ ತಜ್ಞರನ್ನು ನೋಡಿ.

ಹುಣ್ಣಿಮೆ ಚಂದ್ರ ಮೂಡುವಾಗ ಅಷ್ಟು ದೊಡ್ಡದು ಏಕೆ?

ದೊಡ್ಡದಲ್ಲ. ಮೂಡುವಾಗಲೂ ನೆತ್ತಿಯ ಮೇಲೂ ಅದು ಸುಮಾರು ಅರ್ಧ ಡಿಗ್ರಿಯಷ್ಟೇ. ಫೋನಿನಲ್ಲಿ ಎರಡು ಫೋಟೋ ತೆಗೆದು ಹೋಲಿಸಿ. ದಿಗಂತದಲ್ಲಿ ಮರ, ಮನೆ, ಗುಡ್ಡಗಳ ಆಚೆ ಇರುವುದರಿಂದ ಮಿದುಳು ಅದನ್ನು ತುಂಬಾ ದೂರದ್ದು ಅಂತ ಎಣಿಸಿ ದೊಡ್ಡದು ಮಾಡುತ್ತದೆ ಅನ್ನುವುದು ಹೆಚ್ಚು ಕೇಳಿಬರುವ ವಿವರಣೆ. ವಾದ ಇನ್ನೂ ಮುಗಿದಿಲ್ಲ.

ಬ್ಯಾಟ್ಸ್‌ಮನ್ ಕೊನೆಯವರೆಗೂ ಚೆಂಡನ್ನು ನೋಡುತ್ತಾನಾ?

‘ಬಾಲ್ ಮೇಲೇ ಕಣ್ಣಿಡು’ ಅಂತ ಕೋಚ್ ಹೇಳುವುದು ಸರಿ. ಕಣ್ಣು ಮಾಡುವುದು ಬೇರೆ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬ್ಯಾಟ್ ತಲುಪಲು ಅರ್ಧ ಸೆಕೆಂಡೂ ಬೇಡ. ನೋಡಿ ಪ್ರತಿಕ್ರಿಯಿಸಲು ಮಿದುಳಿಗೆ ಸುಮಾರು 0.2 ಸೆಕೆಂಡ್ ಬೇಕು. 2000ರಲ್ಲಿ ಸಂಶೋಧಕರಾದ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಡ್ ಬ್ಯಾಟ್ಸ್‌ಮನ್‌ಗಳ ಕಣ್ಣಿನ ಚಲನೆ ಅಳೆದರು. ಚೆಂಡು ಕೈ ಬಿಟ್ಟದ್ದನ್ನು ನೋಡಿದ ಕಣ್ಣು, ಅದು ಪಿಚ್ ಆಗುವ ಜಾಗಕ್ಕೆ ಚೆಂಡಿಗಿಂತ ಮೊದಲೇ ಜಿಗಿದು ಕಾಯುತ್ತಿತ್ತು. ಆಟ ಚೆನ್ನಾಗಿ ಬಲ್ಲವನ ಕಣ್ಣು ಇನ್ನೂ ಬೇಗ ಜಿಗಿಯುತ್ತಿತ್ತು.

ನೇತ್ರದಾನ ಮಾಡಿದರೆ ಇಡೀ ಕಣ್ಣನ್ನು ಇನ್ನೊಬ್ಬರಿಗೆ ಹಾಕುತ್ತಾರಾ?

ಇಲ್ಲ, ಕಾರ್ನಿಯಾ ಮಾತ್ರ. ಇಡೀ ಕಣ್ಣು ಹಾಕಿದರೂ ಆ 10 ಲಕ್ಷ ನರದ ಎಳೆಗಳನ್ನು ಮಿದುಳಿನ ಜೊತೆ ಮತ್ತೆ ಜೋಡಿಸುವ ವಿದ್ಯೆ ಇನ್ನೂ ಇಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬರಿಗೆ ಇಡೀ ಕಣ್ಣನ್ನು ಕಸಿ ಮಾಡಿದರು. ರಕ್ತ ಹರಿಯಿತು, ಕಣ್ಣು ಉಳಿಯಿತು, ನೋಟ ಬರಲಿಲ್ಲ.

ಕಾರ್ನಿಯಾಕ್ಕೆ ರಕ್ತನಾಳಗಳಿಲ್ಲ. ಹಾಗಾಗಿ ಇನ್ನೊಬ್ಬರ ಮೈಗೆ ಅದು ಸುಲಭವಾಗಿ ಒಗ್ಗುತ್ತದೆ. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳನ್ನು ದಾನ ಮಾಡಿದ್ದು ಕನ್ನಡಿಗರಿಗೆಲ್ಲ ಗೊತ್ತು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಎರಡು ಕಾರ್ನಿಯಾಗಳ ಮುಂಪದರ, ಹಿಂಪದರ ಬೇರೆ ಮಾಡಿ ನಾಲ್ವರಿಗೆ ಹಾಕಿದರು. ಕನ್ನಡಕ ಹಾಕಿದವರು, ಪೊರೆಯ ಆಪರೇಷನ್ ಆದವರು, ಸಕ್ಕರೆ ಕಾಯಿಲೆ ಇರುವವರೂ ದಾನ ಮಾಡಬಹುದು. ಸಾವಾದ 6 ಗಂಟೆಯೊಳಗೆ ತೆಗೆಯಬೇಕು. ನೇತ್ರ ಬ್ಯಾಂಕಿನವರು ಬರುವವರೆಗೆ ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ.

ಹುಟ್ಟಿನಿಂದ ಕಾಣದವರಿಗೆ ದೊಡ್ಡವರಾದ ಮೇಲೆ ಕಣ್ಣು ಬಂದರೆ ತಕ್ಷಣ ಎಲ್ಲ ಗೊತ್ತಾಗುತ್ತದಾ?

1688ರಲ್ಲಿ ಡಬ್ಲಿನ್‌ನ ವಿಲಿಯಂ ಮಾಲಿನೊ ಈ ಪ್ರಶ್ನೆಯನ್ನು ತತ್ವಜ್ಞಾನಿ ಜಾನ್ ಲಾಕ್ ಅವರಿಗೆ ಬರೆದು ಕೇಳಿದ್ದರು. ಗೋಲ, ಘನ ಎರಡನ್ನೂ ಮುಟ್ಟಿ ಬಲ್ಲ ಕುರುಡನಿಗೆ ನೋಟ ಬಂದರೆ, ಮುಟ್ಟದೆ, ಬರೀ ನೋಡಿ ಯಾವುದು ಯಾವುದು ಅಂತ ಹೇಳಬಲ್ಲನಾ? ಮುನ್ನೂರು ವರ್ಷ ಬರೀ ವಾದವೇ ನಡೆಯಿತು. ಗಟ್ಟಿ ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲಿ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿರುವ ವಿಜ್ಞಾನಿ ಪವನ್ ಸಿನ್ಹಾ ‘ಪ್ರಾಜೆಕ್ಟ್ ಪ್ರಕಾಶ್’ ಶುರು ಮಾಡಿದರು. ಉತ್ತರ ಭಾರತದ ಹಳ್ಳಿಗಳಲ್ಲಿ ಹುಟ್ಟಿನಿಂದಲೇ ಪೊರೆ ಬಂದು, ಚಿಕಿತ್ಸೆ ಸಿಗದೆ ಬೆಳೆದ ಮಕ್ಕಳನ್ನು ಹುಡುಕಿ, ದೆಹಲಿಯಲ್ಲಿ ಆಪರೇಷನ್ ಮಾಡಿಸುತ್ತಾರೆ. ಆ ಮಕ್ಕಳು ನೋಡಲು ಹೇಗೆ ಕಲಿಯುತ್ತಾರೆ ಅಂತ ಅಧ್ಯಯನ ಮಾಡುತ್ತಾರೆ. 8ರಿಂದ 17 ವರ್ಷದ ಐದು ಮಕ್ಕಳಿಗೆ ಆಪರೇಷನ್ ಆದ ಎರಡು ದಿನದೊಳಗೆ ಪರೀಕ್ಷೆ ಮಾಡಿದರು. ಆಟದ ಬ್ಲಾಕ್‌ನಂಥ ಒಂದು ಆಕಾರವನ್ನು ನೋಡಿ, ಮತ್ತೆ ನೋಡಿ ಗುರುತಿಸುವುದು ಸುಲಭವಾಗಿತ್ತು. ಮುಟ್ಟಿ, ಮತ್ತೆ ಮುಟ್ಟಿ ಗುರುತಿಸುವುದೂ ಸುಲಭ. ಮುಟ್ಟಿದ್ದನ್ನು ನೋಡಿ ಗುರುತಿಸಲು ಮಾತ್ರ ಆಗಲಿಲ್ಲ. ಗೊತ್ತಿಲ್ಲದೆ ಸುಮ್ನೆ ಊಹಿಸಿ ಒಂದನ್ನು ತೋರಿಸಿದ ಹಾಗಿತ್ತು. ಮಾಲಿನೊ ಪ್ರಶ್ನೆಗೆ ಉತ್ತರ ‘ಇಲ್ಲ’. ಆದರೆ ಮತ್ತೆ ಪರೀಕ್ಷೆಗೆ ಸಿಕ್ಕ ಮಕ್ಕಳು ಕೆಲವೇ ದಿನಗಳಲ್ಲಿ ಅದನ್ನು ಕಲಿತುಬಿಟ್ಟಿದ್ದರು! 2011ರಲ್ಲಿ ಇದು ಪ್ರಕಟವಾಯಿತು.

ಹೊಸದಾಗಿ ನೋಟ ಬಂದವರಿಗೆ ಇನ್ನೊಂದು ಕಷ್ಟ ಇದೆ. ಒಂದು ಚೆಂಡು, ಅದರ ನೆರಳು, ಅದರ ಮೇಲಿನ ಬಣ್ಣದ ಪಟ್ಟೆ ಎಲ್ಲ ಬೇರೆ ಬೇರೆ ತುಂಡುಗಳಾಗಿ ಕಾಣುತ್ತವೆ. ಯಾವುದು ಯಾವುದಕ್ಕೆ ಸೇರಿದ್ದು ಅಂತ ತಿಳಿಯುವುದಿಲ್ಲ. ವಸ್ತು ಅಲುಗಾಡಿದಾಗ ಮಾತ್ರ, ಒಟ್ಟಿಗೆ ಚಲಿಸಿದ್ದೆಲ್ಲ ಒಂದೇ ಅಂತ ಹೊಳೆಯುತ್ತದೆ. ಚಲನೆಯೇ ಅವರ ಮೊದಲ ಮೇಷ್ಟ್ರು. ಎಲ್ಲವೂ ಕಲಿಕೆಯಿಂದಲೇ ಬರುತ್ತದೆ ಅಂತಲೂ ಅಲ್ಲ. ಬಾಣದ ತುದಿಗಳಿಂದ ಒಂದೇ ಉದ್ದದ ಎರಡು ಗೆರೆ ಉದ್ದ-ಗಿಡ್ಡ ಕಾಣುವ ದೃಷ್ಟಿಭ್ರಮೆ ಗೊತ್ತಲ್ವಾ? ಆಪರೇಷನ್ ಆದ ಕೂಡಲೇ ಆ ಮಕ್ಕಳಿಗೂ ಅದು ಹಾಗೇ ಕಂಡಿತು.

ದೊಡ್ಡವರಾದ ಮೇಲೂ ಮಿದುಳು ಇಷ್ಟು ಕಲಿಯುತ್ತದೆ ಅನ್ನುವುದು ತುಂಬಾ ಸಂತೋಷದ ವಿಷಯ. ಆದರೆ ತಡವಾದದ್ದಕ್ಕೆ ಬೆಲೆಯೂ ಇದೆ. ಈ ಮಕ್ಕಳ ನೋಟದ ಸೂಕ್ಷ್ಮತೆ ಪೂರ್ತಿ ಮರಳಿ ಬರುವುದಿಲ್ಲ.

ಮಗುವಿಗೆ ಮೆಳ್ಳಗಣ್ಣು ಇದೆ. ಬೆಳೆದ ಮೇಲೆ ಸರಿಹೋಗುತ್ತದೆ ಅನ್ನುತ್ತಾರೆ. ಕಾಯಬಹುದಾ?

ಬೇಡ. ಮೆಳ್ಳಗಣ್ಣು ಅದೃಷ್ಟ ಅನ್ನುವವರೂ ಇದ್ದಾರೆ. ಅವರ ಮಾತು ಕೇಳಬೇಡಿ. ಹುಟ್ಟಿದ ಮೊದಲ ಕೆಲವು ತಿಂಗಳು ಕಣ್ಣು ಆಗಾಗ ಓರೆಯಾಗುವುದು ಸಾಮಾನ್ಯ. ನಾಲ್ಕೈದು ತಿಂಗಳ ಮೇಲೂ ಹಾಗೇ ಇದ್ದರೆ ತೋರಿಸಲೇಬೇಕು.

ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮರಿಯ ಒಂದು ಕಣ್ಣನ್ನು ಮೊದಲ ಕೆಲವು ತಿಂಗಳು ಮುಚ್ಚಿಟ್ಟಿದ್ದರು. ಬಿಚ್ಚಿದಾಗ ಕಣ್ಣು ಆರೋಗ್ಯವಾಗೇ ಇತ್ತು. ಆದರೆ ಮಿದುಳಿನ ಕೋಶಗಳು ಆ ಕಣ್ಣಿಗೆ ಸ್ಪಂದಿಸುವುದನ್ನೇ ನಿಲ್ಲಿಸಿದ್ದವು. ಅವುಗಳ ಜಾಗವನ್ನು ಇನ್ನೊಂದು ಕಣ್ಣು ಆಕ್ರಮಿಸಿತ್ತು. ದೊಡ್ಡ ಬೆಕ್ಕಿನಲ್ಲಿ ಹೀಗೆ ಮಾಡಿದರೆ ಏನೂ ಆಗಲಿಲ್ಲ. ಮಕ್ಕಳಲ್ಲೂ ಹೀಗೇ. ಕಣ್ಣುಗಳು ಬೇರೆ ಬೇರೆ ಕಡೆ ನೋಡಿದರೆ ಎರಡೆರಡು ಕಾಣಬಾರದೆಂದು ಮಿದುಳು ಒಂದರ ಸುದ್ದಿಯನ್ನು ಕೈಬಿಡುತ್ತದೆ. ಎರಡು ಕಣ್ಣಿನ ಪವರ್ ತುಂಬಾ ಬೇರೆಯಿದ್ದರೂ ಹೀಗಾಗುತ್ತದೆ. ಆಗ ಹೊರಗೆ ಏನೂ ಕಾಣಿಸುವುದಿಲ್ಲ, ಮಗುವೂ ದೂರುವುದಿಲ್ಲ. ಇದಕ್ಕೆ ಸೋಮಾರಿ ಕಣ್ಣು ಅನ್ನುತ್ತಾರೆ. ದೊಡ್ಡವರಾದ ಮೇಲೆ ಎಷ್ಟು ದುಬಾರಿ ಕನ್ನಡಕ ಹಾಕಿದರೂ ಅದು ತಾನಾಗಿ ಸರಿಹೋಗುವುದಿಲ್ಲ.

ಚಿಕಿತ್ಸೆ ಸರಳ. ಸರಿಯಾದ ಕನ್ನಡಕ, ಜೊತೆಗೆ ಚೆನ್ನಾಗಿ ಕಾಣುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ. ಆಗ ಸೋಮಾರಿ ಕಣ್ಣು ಕೆಲಸ ಮಾಡಲೇಬೇಕಾಗುತ್ತದೆ. ಏಳು ವರ್ಷದೊಳಗೆ ಶುರು ಮಾಡಿದರೆ ಫಲ ಚೆನ್ನಾಗಿರುತ್ತದೆ. ಆಮೇಲೂ ಪ್ರಯತ್ನಿಸಬಹುದು, ಫಲ ಕಡಿಮೆ. ಮಗು ಹಟ ಮಾಡುತ್ತದೆ, ಪಟ್ಟಿ ಕಿತ್ತು ಹಾಕುತ್ತದೆ. ಪಟ್ಟಿ ಹಾಕಿದ ಹೊತ್ತಿನಲ್ಲೇ ಬಣ್ಣ ಹಚ್ಚುವುದು, ಮಣಿ ಪೋಣಿಸುವುದು ಮಾಡಿಸಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮಗು ಆಟದಲ್ಲಿ ಮುಳುಗಿದ್ದಾಗ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿ. ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದಾಗ ಮಾತ್ರ ಕೈ ತಳ್ಳಿ ಅತ್ತರೆ, ತೆರೆದಿರುವ ಕಣ್ಣಿಗೆ ಕಾಣುತ್ತಿಲ್ಲ ಅಂತ ಅನುಮಾನಿಸಬೇಕು. ಫ್ಲ್ಯಾಶ್ ಹಾಕಿ ತೆಗೆದ ಫೋಟೋಗಳಲ್ಲಿ ಮತ್ತೆ ಮತ್ತೆ ಒಂದು ಪಾಪೆ ಕೆಂಪಾಗಿ, ಇನ್ನೊಂದು ಬೆಳ್ಳಗೆ ಕಂಡರೆ ಅದು ಪೊರೆ ಇರಬಹುದು, ಕಣ್ಣಿನ ಕ್ಯಾನ್ಸರ್ ಕೂಡ ಇರಬಹುದು. ಅಂಥ ಮಗುವನ್ನು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋಗಿ ಸಮಯ ಕಳೆಯಬೇಡಿ. ಮಕ್ಕಳ ಕಣ್ಣಿನ ಡಾಕ್ಟರ್ ಇರುವ ಆಸ್ಪತ್ರೆಗೆ ಅದೇ ವಾರ ಹೋಗಿ, ಆ ಫೋಟೋವನ್ನೂ ತೋರಿಸಿ.